ಎರಡನೇ ಹಾಳೆಗಾಗಿ ಇಂಗ್ಲೆಂಡಿಗೆ

ಕೊಳ್ಳೇಗಾಲ

ನನ್ನ ಪಾಸ್‌ಪೋರ್ಟಿನ ಫೋಟೋ ನೋಡಿದವರೆಲ್ಲ ನಾನು ಯಾರ ಮೇಲೋ ಜಗಳಕ್ಕೆ ಹೊರಟಿದ್ದೇನೆ ಅಂದುಕೊಳ್ಳುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಹನ್ನೊಂದು ವರ್ಷದಿಂದ ಒಂದೇ ಒಂದು ಹಾಳೆಗಾಗಿ ಕಾದವಳ ಮುಖ ಅದು. ನಗು ಅಂದರೆ ಎಲ್ಲಿಂದ ಬರಬೇಕು?

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಮಗ್ಗಗಳಿಗೆ ಕಾರ್ಡ್ ಹೊಡೆದುಕೊಡುವವಳು. ಸೀರೆಯ ಅಂಚಿನಲ್ಲಿ ಒಂದು ಹಂಸ ಬರಬೇಕಾದರೆ ಮೊದಲು ಅದನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಬೇಕು. ಆ ಚೌಕಗಳನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯಬೇಕು. ಕಾರ್ಡುಗಳು ಮಗ್ಗದ ತಲೆಯ ಮೇಲೆ ಕೂತು, ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ಹೇಳುತ್ತವೆ. ನನ್ನ ತವರು ಹನೂರಿನ ಹತ್ತಿರದ ಶಾಗ್ಯ. ಅಲ್ಲಿ ನಮ್ಮವರದು ಬೇಸಾಯ. ಈ ವಿದ್ಯೆಯನ್ನು ನಾನು ಮದುವೆಯಾಗಿ ಬಂದ ಮೇಲೆ ಮಾವನವರಿಂದ ಕಲಿತೆ.

ನಮ್ಮ ಮನೆಗೆ ಗಿಟಾರ್ ಬಂದದ್ದು ಹನೂರಿನಿಂದ. ಅಲ್ಲಿ ಚರ್ಚಿನಲ್ಲಿ ಹಾಡುತ್ತಿದ್ದ ಟೀಚರೊಬ್ಬರು ವರ್ಗವಾಗಿ ಹೊರಟಾಗ, ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಲಾರದೆ ನನ್ನ ಕೈಗಿಟ್ಟರು. ಅದೇ ವಾರ ಫೋನಿನಲ್ಲಿ ಒಬ್ಬ ವಿದೇಶಿ ಮುದುಕ ಗಿಟಾರ್ ಬಾರಿಸುವುದನ್ನು ಕೇಳಿದೆ. ಹಾಡುವವರಿಲ್ಲ, ತಬಲ ಇಲ್ಲ, ತಂತಿ ಮೀಟಲು ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಚೂರೂ ಇಲ್ಲ. ಬರಿ ಬೆರಳು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಶ್ರುತಿ ಹಿಡಿದಿದ್ದರೆ ಮಿಕ್ಕ ಬೆರಳುಗಳು ಸಣ್ಣ ತಂತಿಗಳ ಮೇಲೆ ಹಾಡು ಹೇಳುತ್ತಿದ್ದವು. ನಮ್ಮ ಕಡೆ ತಂಬೂರಿ ಪದದವರು ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದರಲ್ಲಿ ತಾಳ ಹಾಕುತ್ತಾರಲ್ಲ, ಆ ನಿಪುಣತೆಯೆಲ್ಲ ಇವರಿಗೆ ಒಂದೇ ಅಂಗೈಯಲ್ಲಿತ್ತು. ಅವತ್ತು ಒಲೆಯ ಮೇಲಿದ್ದ ಸಾರು ಸೀದುಹೋಯಿತು.

ಸ್ವರಲಿಪಿ ಓದಲು ಬಾರದವರಿಗಾಗಿ ಟ್ಯಾಬ್ ಎಂಬ ಬರಹವಿದೆ ಎಂದು ಆಮೇಲೆ ಗೊತ್ತಾಯಿತು. ಆರು ತಂತಿಗೆ ಆರು ಗೆರೆ. ಗೆರೆಯ ಮೇಲೆ ಅಂಕಿ. ಆ ತಂತಿಯ ಎಷ್ಟನೇ ಮನೆಯಲ್ಲಿ ಬೆರಳೊತ್ತಬೇಕು ಎಂದು ಅಂಕಿ ಹೇಳುತ್ತದೆ. ನೋಡಿದ ತಕ್ಷಣ, ಅಯ್ಯೋ ಇದು ನಮ್ಮ ಗ್ರಾಫೇ ಅಲ್ಲವೇ ಎನ್ನಿಸಿತು. ದಿನವೂ ಸಾವಿರ ಚೌಕ ಓದುವವಳಿಗೆ ಆರು ಗೆರೆ ಯಾವ ಲೆಕ್ಕ! ಯಾರನ್ನೂ ಏನನ್ನೂ ಕೇಳಲಿಲ್ಲ.

ಹುಡುಕಿ ಹುಡುಕಿ ಒಂದು ಟ್ಯಾಬ್ ಸಿಕ್ಕಿತು. ಕುರಿಗಳು ಗುಡ್ಡದಿಂದ ಇಳಿಯುವುದು ಎಂಬ ಅರ್ಥದ ಹೆಸರು. ಕೆಳಗೆ ಬರೆದವರ ಹೆಸರು ವಾಲ್ಟರ್, ಫೋನಿನಲ್ಲಿ ಕೇಳಿದ ಮುದುಕನಲ್ಲ, ಬೇರೆಯವರು. ಅದರ ಕೆಳಗೆ ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು. ಅದರ ಧ್ವನಿಮುದ್ರಣ ಎಲ್ಲೂ ಇರಲಿಲ್ಲ. ಕೊಳ್ಳೇಗಾಲದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಲು ಹೋದೆ. ಮೊದಲ ಹಾಳೆ ಬಂತು. ಎರಡನೆಯದು ಮಿಷನ್ನಿನ ಹಲ್ಲಿಗೆ ಸಿಕ್ಕಿ ಚಿಂದಿಯಾಯಿತು, ಅಷ್ಟರಲ್ಲಿ ಕರೆಂಟೂ ಹೋಯಿತು. ನಾಳೆ ಬಾ ಅಂದರು. ನಾಳೆ ಹೋದರೆ ಆ ವೆಬ್‌ಸೈಟೇ ಇಲ್ಲ! ಇವತ್ತಿಗೂ ಇಲ್ಲ.

ಹೀಗೆ ಹನ್ನೊಂದು ವರ್ಷ ನಾನು ಒಂದೇ ಹಾಳೆಯ ಹಾಡು ಬಾರಿಸಿದೆ. ಬೇರೆ ಟ್ಯಾಬ್‌ಗಳನ್ನೂ ತಂದು ನೋಡಿದೆ. ಅವೆಲ್ಲ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸಿದವು. ಬರೆದವರಿಗೇ ಬರುವುದಿಲ್ಲ ಎಂದು ತೀರ್ಮಾನಿಸಿ ಅವನ್ನು ಕಟ್ಟಿಟ್ಟೆ. ವಾಲ್ಟರ್ ಒಬ್ಬರಿಗೆ ಮಾತ್ರ ಸಂಗೀತ ಗೊತ್ತು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ನಮ್ಮ ಬೀದಿಯ ಮಾದಪ್ಪಣ್ಣನಿಗೆ ನನ್ನ ಅರ್ಧ ಹಾಡು ಬಾಯಿಪಾಠ. ಯಳಂದೂರಿನ ಕಡೆಯಿಂದ ಬಂದು ನಲವತ್ತು ವರ್ಷದಿಂದ ಇಲ್ಲಿ ನೇಯುತ್ತಿರುವ ಮನುಷ್ಯ. ನಾನು ಬಾರಿಸುತ್ತ ಹಾಳೆಯ ಕೊನೆಗೆ ಬಂದು ನಿಂತಾಗಲೆಲ್ಲ ಅವನ ಮಗ್ಗವೂ ನಿಲ್ಲುತ್ತದೆ, ಕಿಟಕಿಯಿಂದ ಅವನ ಮಾತು ಬರುತ್ತದೆ.

"ಅಲ್ಲ ಕಣ್ ಕೂಸೇ, ದಿನಾ ಒಡಲು ನೇಯ್ತೀಯ, ಸೆರಗು ಬರಾಕ್ ಮುಂಚೆ ಕತ್ರಿ ಆಕ್ಬುಡ್ತೀಯ. ಉಟ್ಕಳಾದು ಎಂಗವ್ವ?"

ಹೋದ ವರ್ಷ ಇಂಗ್ಲೆಂಡಿನ ಉತ್ತರದ ಒಂದು ಹಳೇ ಗಿರಣಿ ಊರಿನಿಂದ ಕರೆ ಬಂತು. ಅಲ್ಲಿನ ನೇಯ್ಗೆ ಮ್ಯೂಸಿಯಮ್ಮಿನಲ್ಲಿ ಒಂದು ವಾರ ನಮ್ಮ ಕೆಲಸ ತೋರಿಸಲು ಒಬ್ಬ ನೇಕಾರ, ಒಬ್ಬ ಕಾರ್ಡಿನವರು ಬೇಕಂತೆ. ನಕ್ಷೆ ತೆರೆದು ನೋಡಿದೆ. ವಾಲ್ಟರ್ ಅವರ ಹಳ್ಳಿ ಆ ಊರಿನಿಂದ, ಹನೂರಿನಿಂದ ಶಾಗ್ಯ ಇದ್ದ ಹಾಗೆ, ಬಸ್ಸಿನ ದಾರಿ ಅಷ್ಟೆ. ನಾನು ಹೂಂ ಅಂದೆ. ಮಗ್ಗಕ್ಕಾಗಿ ಹೂಂ ಅಂದೆ ಎಂದು ಎಲ್ಲರೂ ತಿಳಿದರು, ನನ್ನ ಯಜಮಾನರೂ ಸೇರಿ.

ಬೆಂಗಳೂರಿನ ವಿಮಾನ ನಿಲ್ದಾಣ

ಮಾದಪ್ಪಣ್ಣ ತನ್ನ ಅಪ್ಪನ ಕಾಲದ ಲಾಳಿಯನ್ನು ಪೆಟ್ಟಿಗೆಗೆ ಹಾಕಲು ಒಪ್ಪಿರಲಿಲ್ಲ. ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ತಪಾಸಣೆಯ ಅಧಿಕಾರಿ ಅದನ್ನು ಬಿಚ್ಚಿ, ಎರಡೂ ಕಡೆಯ ಕಬ್ಬಿಣದ ಮೊನೆಗಳನ್ನು ಮುಟ್ಟಿ ನೋಡಿ, ಇದು ಏನು ಎಂದರು.

"ಲಾಳಿ ಸಾ. ನಮ್ಮಪ್ಪಂದು. ಏನೂ ಮಾಡಲ್ಲ ಸಾ ಅದು. ಇಂಗ್ ಎಸುದ್ರೆ ಅಂಗ್ ಓಯ್ತದೆ, ಅಂಗ್ ಎಸುದ್ರೆ ಇಂಗ್ ಬತ್ತದೆ, ಅಷ್ಟೆಯ."

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಎಸೆದು ತೋರಿಸಲು ಕೈ ಎತ್ತಿಬಿಟ್ಟ. ಮೂರು ಜನ ಓಡಿ ಬಂದರು. ಕೊನೆಗೆ ಕೌಂಟರಿಗೆ ಹಿಂದಿರುಗಿ, ಲಾಳಿಯನ್ನು ಒಂದು ರಟ್ಟಿನ ಡಬ್ಬದಲ್ಲಿಟ್ಟು ಸಾಮಾನಿನ ಜೊತೆ ಕಳಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆವು. ವಿಮಾನದಲ್ಲಿ ಹತ್ತು ಗಂಟೆ ಮಾದಪ್ಪಣ್ಣ ತನ್ನ ಖಾಲಿ ಕಂಕುಳನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ನನ್ನ ಕೈಚೀಲವನ್ನು ಆಗಾಗ ತೆರೆದು ನೋಡುತ್ತಿದ್ದೆ. ಅದರಲ್ಲಿ ನನ್ನ ಗ್ರಾಫ್ ಪುಸ್ತಕವಿತ್ತು, ಅದರ ನಡುವೆ ಅಂಚಿಗೆಲ್ಲ ಟೇಪು ಹಚ್ಚಿದ ಆ ಒಂದು ಹಾಳೆ ಇತ್ತು.

ಗಿರಣಿ ಊರು

ಕಲ್ಲಿನ ಮನೆಗಳು, ಕಲ್ಲಿನ ಗೋಡೆಗಳು, ಮೇಲೆ ಒದ್ದೆ ಚಾಪೆಯಂಥ ಆಕಾಶ. ಕೆಲಸ ನಿಂತ ಗಿರಣಿಯ ಒಂದು ಅಂತಸ್ತಿನಲ್ಲಿ ನಮಗೆ ಮಗ್ಗ ಹಾಕಿಕೊಟ್ಟಿದ್ದರು. ನೋಡಿಕೊಳ್ಳಲು ಜೀನ್ ಎಂಬ ಹೆಂಗಸು. ಅರವತ್ತು ದಾಟಿದ್ದಾರೆ, ಆದರೆ ನಡೆದರೆ ನಾವು ಓಡಬೇಕು.

ಅಲ್ಲಿನ ಜನರ ಬಗ್ಗೆ ಹೇಳಬೇಕಾದರೆ, ಬಸ್ಸಿನಿಂದಲೇ ಶುರುಮಾಡಬೇಕು. ಹತ್ತುವಾಗ ಯಾರೂ ಯಾರನ್ನೂ ತಳ್ಳುವುದಿಲ್ಲ, ಒಳಗೆ ಯಾರೂ ಯಾರ ಜೊತೆಯೂ ಮಾತಾಡುವುದಿಲ್ಲ, ಇಳಿಯುವಾಗ ಮಾತ್ರ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮಲ್ಲಿ ಇಳಿಯಬೇಕಾದರೆ ಬಸ್ಸಿನ ಮೈಗೆ ಎರಡು ಬಡಿಯುತ್ತೇವೆ. ಮಾದಪ್ಪಣ್ಣನಿಗೆ ಈ ಥ್ಯಾಂಕ್ಸಿನ ಪದ್ಧತಿ ಬಹಳ ಇಷ್ಟವಾಯಿತು. ಅವನು ಡ್ರೈವರಿಗೆ ಕೈಮುಗಿದು, "ಬತ್ತೀನಿ ಸಾ, ಉಸಾರು" ಎಂದು ಹೇಳಿ ಇಳಿಯತೊಡಗಿದ. ಮೂರನೇ ದಿನ ಆ ಡ್ರೈವರೂ ಸ್ಟೀರಿಂಗ್ ಬಿಟ್ಟು ಕೈಮುಗಿದರು.

ಊಟ ಆಯಿತಾ ಎಂದು ಯಾರೂ ಕೇಳುವುದಿಲ್ಲ. ಮಳೆ ಬರುತ್ತದಾ ಎಂದು ಕೇಳುತ್ತಾರೆ, ಬರುತ್ತಿರುವಾಗಲೂ ಕೇಳುತ್ತಾರೆ. ನಾವು ಅವರ ಕಾಲು ತುಳಿದರೆ ಅವರು ನಮಗೆ ಸಾರಿ ಹೇಳುತ್ತಾರೆ. ಮಗ್ಗ ನೋಡಲು ಬಂದವರು ಮಾತ್ರ ಅಪ್ಪಟ ನಮ್ಮವರ ಹಾಗೆಯೇ ಇದ್ದರು. ಗಿರಣಿಯಲ್ಲಿ ದುಡಿದ ಮುದುಕಿಯರು ಬಂದು, ಕೇಳದೆಯೇ ಹೊಕ್ಕಿನ ನೂಲನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ತಲೆದೂಗಿ ಹೋದರು. ಅವರ ಜೊತೆ ಮಾದಪ್ಪಣ್ಣನಿಗೆ ಇಂಗ್ಲಿಷೇ ಬೇಕಾಗಲಿಲ್ಲ.

ನಾನು ಮೊದಲ ದಿನವೇ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಜೀನ್ ಅವರಿಗೆ ನನ್ನ ಹಾಳೆಯ ವಿಷಯ ಹೇಳಿದ್ದೆ. ವಾಲ್ಟರ್ ಎಂಬ ಹೆಸರು ಕೇಳಿದ್ದೇನೆ, ಪರಿಚಯ ಇಲ್ಲ ಎಂದರು. ಭಾನುವಾರ ಮಧ್ಯಾಹ್ನ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ಜನಪದ ಸಂಗೀತದವರು ಸೇರುತ್ತಾರೆ, ಅವರಿಗೆ ಗೊತ್ತಿದ್ದೀತು ಎಂದರು. ಮಂಗಳವಾರ ನಮ್ಮ ವಿಮಾನ. ಅಂದರೆ ಭಾನುವಾರ ಕೇಳಿ, ಸೋಮವಾರದ ಒಂದು ರಜೆಯಲ್ಲಿ ಮುಗಿಸಬೇಕು. ಯಾವಾಗ ಬರುತ್ತದೋ ಗೊತ್ತಿಲ್ಲದ ಗೋಪಿನಾಥಂ ಬಸ್ಸನ್ನು ಕಾದು ಹಿಡಿದ ಅನುಭವ ಇದ್ದವಳಿಗೆ ಇಷ್ಟು ಹೊತ್ತು ಧಾರಾಳ ಎಂದು ನಾನೇ ಧೈರ್ಯ ಹೇಳಿಕೊಂಡೆ.

ಭಾನುವಾರ, ಪಬ್ಬಿನ ಹಿಂದಿನ ಕೋಣೆ

ಜೀನ್ ನಮ್ಮಿಬ್ಬರನ್ನೂ ಕರೆದೊಯ್ದರು. ಹೆಂಡದಂಗಡಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಳಗೆ ನೋಡಿದರೆ ಅಜ್ಜಿಯರು, ಕೂಸುಗಳು, ಮೇಜಿನ ಕೆಳಗೆ ನಿದ್ದೆ ಹೊಡೆಯುವ ಎರಡು ನಾಯಿಗಳು. ಹಿಂದಿನ ಕೋಣೆಯಲ್ಲಿ ಹನ್ನೆರಡು ಜನ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಸುತ್ತ ಕೂತಿದ್ದರು. ಕೇಳುವವರಿಗೆ ಅವರ ಬೆನ್ನು. ಒಂದು ಹಾಡು ಮುಗಿದರೆ ಚಪ್ಪಾಳೆ ಇಲ್ಲ, ಒಂದು ಗುಟುಕು ಬಿಯರ್ ಕುಡಿದು ಇನ್ನೊಂದು ಹಾಡು. ಎಷ್ಟು ಚೆನ್ನಾಗಿತ್ತು ಎಂದರೆ ನಾನು ಬಂದ ಕೆಲಸವನ್ನೇ ಅರ್ಧ ಗಂಟೆ ಮರೆತೆ. ಪಿಟೀಲು, ಕೊಳಲು, ಎರಡು ಗಿಟಾರ್. ಕೋಣೆಯ ನೆಲವೇ ಮೆಲ್ಲಗೆ ಅದುರುತ್ತಿತ್ತು.

ಜೀನ್ ನನ್ನ ಬಗ್ಗೆ ಹೇಳಿದರು. ಒಬ್ಬರು ತಮ್ಮ ಗಿಟಾರನ್ನು ನನ್ನ ತೊಡೆಗೆ ದಾಟಿಸಿದರು. ನಾನು ಚೀಲದಿಂದ ನನ್ನ ಹಾಳೆ ತೆಗೆದು ಮೇಜಿನ ಮೇಲೆ, ಲೋಟಗಳ ನಡುವೆ ಹರಡಿದೆ.

ಎಲ್ಲರ ಕಣ್ಣೂ ಆ ಹಾಳೆಯ ಮೇಲೆ ಬಿತ್ತು. ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ಹೋದ ಹಾಗಾಯಿತು ನನಗೆ, ಏನು ತಪ್ಪು ಎಂದು ಮಾತ್ರ ತಿಳಿಯಲಿಲ್ಲ. ಪಿಟೀಲು ಹಿಡಿದಿದ್ದ ಬಿಳಿ ಕೂದಲಿನ ಹೆಂಗಸು ಬಗ್ಗಿ, ಮೆತ್ತಗೆ ಹೇಳಿದರು:

"ಇಲ್ಲಿ ಕಾಗದ ಇಡುವುದಿಲ್ಲ ಅಮ್ಮ. ಕಿವಿಯಲ್ಲಿ ಇರುವುದನ್ನು ಮಾತ್ರ ಬಾರಿಸುತ್ತೇವೆ."

ನಮ್ಮ ತಂಬೂರಿಯವರೂ ಹಾಗೆಯೇ ಅಲ್ಲವೇ, ಪುಸ್ತಕ ನೋಡಿ ಹಾಡಿದವರನ್ನು ಎಲ್ಲಿ ಕಂಡಿದ್ದೇನೆ? ಹಾಳೆಯನ್ನು ಚೀಲಕ್ಕೆ ಹಾಕಿದೆ. ನನಗೆ ಅದು ಬೇಕಾಗಿಯೂ ಇರಲಿಲ್ಲ. ತಂತಿಗಳನ್ನು ವಾಲ್ಟರ್ ಹಾಳೆಯ ತಲೆಯಲ್ಲಿ ಬರೆದಿದ್ದ ಶ್ರುತಿಗೆ ತಂದೆ. ದಪ್ಪ ತಂತಿಯಿಂದ ಸಣ್ಣದರ ತನಕ ನಮ್ಮ ಲೆಕ್ಕದಲ್ಲಿ ಹೇಳಿದರೆ ಸ, ಪ, ಸ, ಮ, ಪ, ಸ. ಕಣ್ಣು ಮುಚ್ಚಿ, ಹಾಳೆಯ ಕೊನೆಯ ತನಕ ಬಾರಿಸಿ, ನಿಲ್ಲಿಸಿದೆ.

"ಬಹಳ ಚೆನ್ನಾಗಿದೆ. ಯಾವುದು ಇದು, ನಿಮ್ಮ ಕಡೆಯದಾ?" ಎಂದರು ಪಿಟೀಲಿನವರು.

"ಅಲ್ಲ, ನಿಮ್ಮದೇ. ವಾಲ್ಟರ್ ಅವರದು" ಎಂದು ಹೆಸರು ಹೇಳಿದೆ.

ಅವರು ತಲೆಯಾಡಿಸಿದರು. "ಅಲ್ಲ. ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ಕೂತು ಬಾರಿಸಿದ್ದೇನೆ. ಅದು ಹೀಗಿದೆ" ಎಂದು ಪಿಟೀಲಿನಲ್ಲಿ ಒಂದು ಸಾಲು ನುಡಿಸಿದರು. ಅದು ನನ್ನದರ ಅಕ್ಕನೋ ತಂಗಿಯೋ ಇರಬೇಕು ಎನ್ನಿಸಿತು, ಅದೇ ಅಲ್ಲ.

"ನನ್ನ ಹತ್ತಿರ ಕಾಗದ ಇದೆ!" ಅಂದೆ, ನ್ಯಾಯಾಲಯದಲ್ಲಿ ನಿಂತವಳ ಹಾಗೆ. ಹನ್ನೆರಡು ಜನರೂ ನಕ್ಕರು. ಕೆಟ್ಟ ನಗುವಲ್ಲ, ಆದರೆ ನನ್ನ ಕಿವಿ ಕಾದುಹೋಯಿತು. ಕಾಗದ ಮಾತ್ರ ಅಲ್ಲಿ ಹೊರಬರುವಂತಿರಲಿಲ್ಲ.

ಹೊರಡುವಾಗ ಅದೇ ಹೆಂಗಸು ಬಾಗಿಲ ತನಕ ಬಂದರು. ವಾಲ್ಟರ್ ಪೋಸ್ಟ್‌ಮ್ಯಾನ್ ಆಗಿದ್ದವರು, ಮೇಲಿನ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡು ನಾಲ್ಕು ವರ್ಷವಾಯಿತು. ಆಪರೇಷನ್ನಿಗೆ ಒಪ್ಪಲಿಲ್ಲ. ಗಿಟಾರುಗಳನ್ನೆಲ್ಲ ಕೊಟ್ಟುಬಿಟ್ಟರು. "ಹೋಗಬೇಡಿ. ಹಾಡಿನ ಮಾತೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಾನೆ" ಎಂದರು.

ಬಸ್ಸಿನಲ್ಲಿ ಕೂತ ಮೇಲೆ ಮಾದಪ್ಪಣ್ಣನಿಗೆ ಎಲ್ಲವನ್ನೂ ಹೇಳಿದೆ.

"ಓಗ್ಬ್ಯಾಡಿ ಅಂದ್ರ? ಮತ್ತೆ ನೀ ಏನ್ ಮಾಡಿಯೆ?" ಎಂದ.

"ಓಯ್ತೀನಿ ಕಣಣ್ಣ."

"ಅದು ನಂಗೂ ಗೊತ್ತು ಬುಡು. ನಾನೂ ಬತ್ತೀನಿ. ಆ ಆಡ್ಗೊಂದು ಸೆರಗು ಬಂದ್ರೆ ನಂಗೂವೆ ನೆಮ್ಮದಿ."

ಸೋಮವಾರ, ಗುಡ್ಡದ ದಾರಿ

ನಾವು ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟೆವು. ಡ್ರೈವರಿಗೆ ನಮಸ್ಕಾರ ಹೇಳುವ ಉತ್ಸಾಹದಲ್ಲಿ ಬೋರ್ಡು ನೋಡಿರಲಿಲ್ಲ. ಹಳ್ಳಿ ಗುಡ್ಡದಾಚೆ ಕಾಣುತ್ತಿತ್ತು, ಹೊಲದ ನಡುವೆ ಕಾಲುದಾರಿ ಇತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಹುಲ್ಲಿನಲ್ಲಿ ನಡೆದೆವು. ಎಲ್ಲಿ ನೋಡಿದರೂ ಕುರಿ, ಬೆನ್ನಿಗೆ ನೀಲಿ ಬಣ್ಣ ಬಳಿದವು. ಕಾಯುವವರು ಮಾತ್ರ ಒಬ್ಬರೂ ಇಲ್ಲ. ಬಿಳಿಗಿರಿಯ ತಪ್ಪಲಲ್ಲಿ ಕುರಿಗಳ ಹಿಂದೆ ಬೆಳೆದ ಮಾದಪ್ಪಣ್ಣನಿಗೆ ಇದು ಸರಿಬರಲಿಲ್ಲ.

"ಕುರಿ ಬುಟ್ಬುಟ್ಟು ಎತ್ಲಾಗ್ ಓದ್ರು ಇವ್ರು? ನರಿ ಗಿರಿ ಬರಲ್ವ?"

ಮೇಲೆ ಒಂದು ಗೇಟು. ನಾನು ದಾಟಿ ಮುಂದೆ ಹೋದೆ, ಅವನು ಹಿಂದೆ ಬಂದ. ಗೇಟು ಹೇಗಿತ್ತೋ ಹಾಗೆಯೇ ಮುಚ್ಚಿ ಹೋಗಬೇಕು ಎಂಬುದು ಅಲ್ಲಿನ ಕಟ್ಟಳೆ, ಹಲಗೆಯ ಮೇಲೆ ಬರೆದೂ ಇತ್ತು. ಕುರಿಯವನೇ ಬಾಗಿಲಾಗಿ ನಿಲ್ಲುವ ಊರಿನಿಂದ ಬಂದ ಮಾದಪ್ಪಣ್ಣ ಅದನ್ನು ತೆರೆದೇ ಬಿಟ್ಟು ಬಂದಿದ್ದ. ನಾವು ಹಳ್ಳಿಯ ಮೊದಲ ಮನೆ ತಲುಪುವಷ್ಟರಲ್ಲಿ ಹಿಂದೆ ಗೊರಸಿನ ಸದ್ದು. ತಿರುಗಿ ನೋಡಿದರೆ ಇಡೀ ಮಂದೆ ನಮ್ಮ ಹಿಂದೆ ಗುಡ್ಡ ಇಳಿದು ಬರುತ್ತಿದೆ!

ಮೊದಲ ಮನೆಯ ಬಾಗಿಲು ತೆರೆಯಿತು. ಎತ್ತರದ ಮುದುಕರೊಬ್ಬರು ಉಣ್ಣೆಯ ಟೋಪಿಯಲ್ಲಿ ಹೊರಬಂದು ಕೂಗಾಡಿದರು. ಅರ್ಥವಾಗಲಿಲ್ಲ, ಆದರೆ ಬೈಗುಳಕ್ಕೆ ಭಾಷೆ ಬೇಡವಲ್ಲ. ಅವರು ಬೀಸುತ್ತಿದ್ದ ಬಲಗೈಯನ್ನು ನೋಡಿದೆ. ನಾಲ್ಕು ಬೆರಳೂ ಅಂಗೈಗೆ ಮಡಚಿಕೊಂಡಿದ್ದವು. ಹೆಬ್ಬೆರಳು ಮಾತ್ರ ನೆಟ್ಟಗಿತ್ತು.

ಅಯ್ಯೋ ಶಿವನೇ, ಇವರೇ, ಅಂದುಕೊಂಡೆ. ಹನ್ನೊಂದು ವರ್ಷ ಕಾದು ನೋಡಬೇಕಾದವರ ಎದುರಿಗೆ ಕಳ್ಳರ ಹಾಗೆ ನಿಂತಿದ್ದೆವು.

ಮಾದಪ್ಪಣ್ಣ ಮಾತ್ರ ಹೆದರಲಿಲ್ಲ. ಟವೆಲು ಬಿಚ್ಚಿ, ನಾಲಗೆ ಲೊಟಗುಟ್ಟಿಸಿ, "ಟ್ರುರ್ರ್ ಬಾ, ಬಾ ನನ್ನವ್ವ" ಎಂದು ಮುಂದಿನ ಕುರಿಯನ್ನು ತಿರುಗಿಸಿದ. ಅದು ತಿರುಗಿತು. ಮಿಕ್ಕವೂ ತಿರುಗಿದವು. ನಾವು ಮೂವರೂ ಸೇರಿ ಮಂದೆಯನ್ನು ಮೇಲಕ್ಕೆ ಅಟ್ಟಿ ಗೇಟು ಹಾಕಿದಾಗ ಮುದುಕರು ಏದುಸಿರು ಬಿಡುತ್ತ, "ಈ ಕುರಿಗಳು ನನ್ನ ಮಾತನ್ನು ಒಂದು ದಿನವೂ ಕೇಳಿಲ್ಲ" ಎಂದರು. ಆಮೇಲೆ, ಇಂಗ್ಲೆಂಡಿನವರು ಎಲ್ಲ ಕಷ್ಟಕ್ಕೂ ಹೇಳುವ ಮಾತು ಹೇಳಿದರು: "ಟೀ ಕುಡಿಯುತ್ತೀರಾ?"

ವಾಲ್ಟರ್ ಅವರ ಅಡುಗೆಮನೆ

ಟೀ ಮುಗಿಯುವ ತನಕ ನಾನು ಬಾಯಿ ಬಿಡಲಿಲ್ಲ. ಅಷ್ಟು ತಾಳ್ಮೆ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಮಾದಪ್ಪಣ್ಣ ವಾಲ್ಟರ್ ಅವರ ಬಲಗೈಯನ್ನೇ ನೋಡುತ್ತಿದ್ದವನು, ಕೇಳದೆ ಗೀಳದೆ ಅದನ್ನು ತನ್ನ ಕೈಗೆ ತೆಗೆದುಕೊಂಡು, ಒಂದೊಂದೇ ಗಂಟನ್ನು ಒತ್ತಿ ನೋಡಿದ. ಆ ದೇಶದಲ್ಲಿ ಯಾರೂ ಯಾರನ್ನೂ ಹೀಗೆ ಮುಟ್ಟುವುದಿಲ್ಲ. ವಾಲ್ಟರ್ ಕೈ ಎಳೆದುಕೊಳ್ಳಲಿಲ್ಲ.

"ಬೆರಳು ಬಿಗುದ್ಬುಟ್ಟವೆ. ಎಬ್ಬೆಟ್ಟು ಸಂದಾಗದೆ, ಏಳು ಕೂಸೇ ಅವ್ರುಗೆ" ಎಂದ.

ನಾನು ಅದನ್ನು ಹೇಳಿದೆ. ಹೇಳಿದ ಬಾಯಲ್ಲೇ ಮಿಕ್ಕದ್ದನ್ನೂ ಹೇಳಿಬಿಟ್ಟೆ, ಜೆರಾಕ್ಸ್ ಅಂಗಡಿ, ಚಿಂದಿಯಾದ ಹಾಳೆ, ಹನ್ನೊಂದು ವರ್ಷ. ಅವರ ಮುಖ ಮುಚ್ಚಿಕೊಂಡಿತು.

"ನಾನು ಅದನ್ನೆಲ್ಲ ಬಿಟ್ಟಿದ್ದೇನೆ" ಎಂದರು.

"ನೀವು ಬಿಟ್ಟಿದ್ದೀರಿ, ನಾನು ಬಿಟ್ಟಿಲ್ಲ. ಎರಡನೇ ಹಾಳೆ ಕೊಡಿ, ಹೋಗುತ್ತೇನೆ" ಅಂದೆ. ಹೇಳಿದ ಮೇಲೆ ನನ್ನ ಒರಟುತನಕ್ಕೆ ನನಗೇ ನಾಚಿಕೆಯಾಯಿತು. ಅವರು ಎದ್ದು ಒಳಗೆ ಹೋಗಿ, ಹಳದಿಯಾದ ಒಂದು ಫೈಲು ತಂದರು. ಕಂಕುಳಲ್ಲಿ ಗಿಟಾರಿನ ಪೆಟ್ಟಿಗೆಯೂ ಇತ್ತು. ಎಲ್ಲವನ್ನೂ ಕೊಟ್ಟರೂ ಇದೊಂದನ್ನು ಕೊಡಲು ಮನಸ್ಸಾಗಿರಲಿಲ್ಲವಂತೆ.

"ಮೊದಲು ಒಂದನೇ ಹಾಳೆ ಕೇಳಿಸಿ" ಎಂದರು, ಪರೀಕ್ಷೆ ಮಾಡುವ ಮೇಷ್ಟರ ಹಾಗೆ.

ನಾಲ್ಕು ವರ್ಷ ಮುಟ್ಟದ ತಂತಿಗಳು. ಶ್ರುತಿಗೆ ತರಲು ಹೊತ್ತು ಹಿಡಿಯಿತು. ಬಾರಿಸಿದೆ. ಅರ್ಧಕ್ಕೆ ಬಂದಾಗ ಅವರ ಹುಬ್ಬು ಗಂಟಿಕ್ಕಿತು. ಮುಗಿಸಿದಾಗ, "ನಿಮ್ಮ ಕಾಗದ ಎಲ್ಲಿ?" ಎಂದರು. ಕೊಟ್ಟೆ. ಎರಡು ಸಲ ನೋಡಿ ಮೇಜಿನ ಮೇಲಿಟ್ಟು ಕೇಳಿದರು:

"ಇದರಲ್ಲಿ ಒಂದನೇ ತಂತಿ, ಅಂದರೆ ಎಲ್ಲಕ್ಕಿಂತ ಸಣ್ಣ ತಂತಿ, ಯಾವ ಗೆರೆ?"

ಇದೇನು ಪ್ರಶ್ನೆ ಎಂದುಕೊಂಡು ನಾನು ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟೆ.

ವಾಲ್ಟರ್ ನಗಲು ಶುರುಮಾಡಿದವರು ಕೆಮ್ಮು ಬರುವ ತನಕ ನಕ್ಕರು. ಸಣ್ಣ ತಂತಿ ಎಲ್ಲಕ್ಕಿಂತ ಮೇಲಿನ ಗೆರೆ! ಲೋಕದಲ್ಲಿ ಟ್ಯಾಬ್ ಬರೆಯುವವರೆಲ್ಲ ಹಾಗೆಯೇ ಬರೆಯುವುದು. ನಾನು ಹನ್ನೊಂದು ವರ್ಷ ಇಡೀ ಹಾಡನ್ನು ತಲೆಕೆಳಗು ಓದಿದ್ದೆ.

ನನಗೆ ಸಿಟ್ಟು ಬಂತು, ಅಳುವೂ ಬಂತು. ಡಬ್ಬದಲ್ಲಿ ಕಲ್ಲು ಹಾಕಿದಂತೆ ಕೇಳಿಸುತ್ತಿದ್ದ ಆ ಎಲ್ಲ ಟ್ಯಾಬ್‌ಗಳ ನೆನಪಾಯಿತು. ಬರೆದ ಪುಣ್ಯಾತ್ಮರನ್ನು ಎಷ್ಟು ಬೈದಿದ್ದೆ! ಮಾದಪ್ಪಣ್ಣನಿಗೆ ವಿಷಯ ಹೇಳಿದರೆ ಅವನು ನನ್ನ ಪರವಾಗಿ ವಾಲ್ಟರ್ ಮೇಲೆಯೇ ರೇಗಿದ.

"ಗ್ರಾಪು ಅಂದ್ಮ್ಯಾಕೆ ಕೆಳಗಿಂದ್ಲೇ ಅಲ್ವ ಓದಾದು? ಬಟ್ಟೆ ಬೆಳಿಯಾದು ಕೆಳಗಿಂದ ಮ್ಯಾಕೆ. ಮ್ಯಾಲಿಂದ ಯಾವನ್ಲಾ ನೇಯ್ತಾನೆ?"

ಅದೇ ಆಗಿತ್ತು ನನ್ನ ತಪ್ಪು. ಸೀರೆಯ ಗ್ರಾಫಿನಲ್ಲಿ ಮೊದಲ ಸಾಲು ಯಾವಾಗಲೂ ಕೆಳಗಿನದು. ಮಾವನವರು ಕಲಿಸಿದ ಆ ಕಣ್ಣಿನಲ್ಲೇ ಟ್ಯಾಬನ್ನೂ ಓದಿದ್ದೆ. ನಾನು ಗ್ರಾಫ್ ಪುಸ್ತಕ ತೆರೆದು ತೋರಿಸಿದೆ. ವಾಲ್ಟರ್ ನಗು ನಿಲ್ಲಿಸಿ ಬಗ್ಗಿ ನೋಡಿದರು. ಅವರ ಶ್ರುತಿಯಲ್ಲಿ ಯಾವ ಕಡೆಯಿಂದ ಎಣಿಸಿದರೂ ಹೊರಗಿನ ನಾಲ್ಕು ತಂತಿ ಸ, ಪ, ಪ, ಸ. ನಡುವಿನ ಎರಡು ಮಾತ್ರ ಅದಲುಬದಲು. ಹಾಗಾಗಿಯೇ ಇದೊಂದು ಹಾಡು ತಲೆಕೆಳಗಾದರೂ ಕೆಡದೆ ಉಳಿದಿತ್ತು. ಅವರು ಸಣ್ಣ ತಂತಿಗಳಿಗೆ ಬರೆದ ಹಾಡು ನನ್ನ ಕೈಯಲ್ಲಿ ದಪ್ಪ ತಂತಿಗಳಿಗೆ ಇಳಿದಿತ್ತು, ಹೆಬ್ಬೆರಳು ಹಿಡಿಯಬೇಕಾದ ಶ್ರುತಿ ಸಣ್ಣ ತಂತಿಗಳ ಮೇಲೆ ಹೋಗಿ ಕೂತಿತ್ತು.

"ನನ್ನ ಕುರಿಗಳು ಗುಡ್ಡ ಇಳಿಯುತ್ತವೆ, ನಿಮ್ಮವು ಹತ್ತುತ್ತಿವೆ" ಎಂದರು. "ಇನ್ನೊಂದು ಸಲ ಬಾರಿಸಿ."

ನನಗೆ ಬಾರಿಸುವ ಮನಸ್ಸಿರಲಿಲ್ಲ. ಆದರೂ ಬಾರಿಸಿದೆ. ಆಗ ನೋಡಿದೆ: ಅವರ ಕಣ್ಣು ಮುಚ್ಚಿತ್ತು, ಬಲಗೈಯ ಹೆಬ್ಬೆರಳು ತೊಡೆಯ ಮೇಲೆ ನನ್ನ ಹೆಬ್ಬೆರಳಿನ ಜೊತೆಯಲ್ಲೇ ಕುಣಿಯುತ್ತಿತ್ತು.

ನನ್ನ ಕೈ ನಿಂತಿತು. ದಪ್ಪ ತಂತಿ ಮೀಟುವುದು ಹೆಬ್ಬೆರಳು. ನನ್ನ ತಲೆಕೆಳಗು ಹಾಡಿನಲ್ಲಿ ಹಾಡೆಲ್ಲ ಇರುವುದು ಹೆಬ್ಬೆರಳಿನಲ್ಲೇ. ಸಣ್ಣ ತಂತಿಗಳ ಶ್ರುತಿಯನ್ನು ಬಿಟ್ಟರೂ ಹಾಡು ಕೆಡುವುದಿಲ್ಲ, ಮಡಚಿಕೊಂಡ ಬೆರಳುಗಳಿಗೆ ಅಲ್ಲಿ ಕೆಲಸವೇ ಇಲ್ಲ.

ಎದ್ದು ಹೋಗಿ ಗಿಟಾರನ್ನು ಅವರ ತೊಡೆಯ ಮೇಲಿಟ್ಟೆ. ಬೇಡ ಎಂದರು. ನಾನು ಕೈ ಬಿಡಲಿಲ್ಲ. "ಎಡಗೈ ಚೆನ್ನಾಗಿದೆ. ಹೆಬ್ಬೆರಳು ಇದೆ. ನನ್ನ ತಪ್ಪಿಗೆ ಅಷ್ಟು ಸಾಕು. ಬಾರಿಸಿ" ಅಂದೆ. ನನ್ನ ಪಾಸ್‌ಪೋರ್ಟಿನ ಮುಖವೇ ಆಗ ಇದ್ದಿರಬೇಕು. ಅವರು ಎಡಗೈಯನ್ನು ಗಿಟಾರಿನ ಕತ್ತಿಗೆ ತಂದರು.

ಮೊದಲ ಸಾಲಿಗೆ ಅರ್ಧ ಗಂಟೆ ಹಿಡಿಯಿತು. ತಮ್ಮ ಹಾಡಿನಲ್ಲೇ ಅವರು ಮೂರು ಸಲ ದಾರಿ ತಪ್ಪಿದರು, ಒಂದು ಸಲ ಗಿಟಾರನ್ನು ಕೆಳಗಿಡಲು ಹೋದರು. ತಲೆಕೆಳಗು ಓದುವುದು ನನಗೆ ಅಭ್ಯಾಸ, ಅವರಿಗಲ್ಲ. ಹಾಗಾಗಿ ನಾನು ನನ್ನ ಗ್ರಾಫ್ ಪುಸ್ತಕದಿಂದ ಹಾಳೆ ಹರಿದು, ಆರು ಗೆರೆ ಎಳೆದು, ಲೋಕದವರು ಓದುವ ರೀತಿಯಲ್ಲೇ ನನ್ನ ಹಾಡನ್ನು ಬರೆಯಲು ಕೂತೆ. ಒಂದನೇ ಹಾಳೆ ಮುಗಿಯಿತು. ಎರಡನೆಯದನ್ನು ಫೈಲಿನಿಂದ ತೆಗೆದು ಮುಂದಿಟ್ಟುಕೊಂಡೆ. ಒಂದೊಂದೇ ಗೆರೆ ತಿರುಗಿಸಿದೆ. ಅವರು ಹಿಂದೆ ಹಿಂದೆಯೇ ಹೆಬ್ಬೆರಳಲ್ಲಿ ಮೀಟಿ ನೋಡುತ್ತ ಬಂದರು. ಹೊರಗೆ ಮಳೆ ಬಂದು ನಿಂತು ಮತ್ತೆ ಬಂತು. ಮಾದಪ್ಪಣ್ಣ ಯಾರನ್ನೂ ಕೇಳದೆ ಎರಡನೇ ಸಲ ಟೀ ಕಾಸಿದ, ಸಕ್ಕರೆ ನಮ್ಮೂರ ಲೆಕ್ಕದಲ್ಲಿ.

ಕೊನೆಯ ಸಾಲಿನಲ್ಲಿ ತೊಡಕಾಯಿತು. ವಾಲ್ಟರ್ ಅವರ ಹಾಡು ಮುಗಿಯುವುದು ನಡುವಿನ ತಂತಿಯ ಸ ಮೇಲೆ. ತಿರುಗಿಸಿದರೆ ಅದು ಪಕ್ಕದ ಮ ತಂತಿಗೆ ಬೀಳುತ್ತಿತ್ತು. ಹಾಡು ಹೊಸಿಲ ತನಕ ಬಂದು ಒಳಗೆ ಬಾರದೆ ನಿಂತಹಾಗೆ ಕೇಳಿಸಿತು. ಹಾಳೆಯಲ್ಲಿ ಅದರ ಮುಂದೆ ಏನೂ ಇರಲಿಲ್ಲ.

"ಏನು ಮಾಡುವುದು?" ಎಂದು ಕೇಳಿದೆ.

"ನನ್ನನ್ನು ಕೇಳಬೇಡಿ. ಹತ್ತುವ ಕುರಿಗಳು ನಿಮ್ಮವು" ಎಂದರು.

ಪೆನ್ಸಿಲ್ ಕೈಗೆತ್ತಿಕೊಂಡೆ. ಯಾರೋ ಬರೆದಿಟ್ಟಿದ್ದಾರೆ, ಹುಡುಕಿ ತಂದರೆ ಸಾಕು ಎಂದೇ ಅಷ್ಟು ವರ್ಷ ತಿಳಿದಿದ್ದೆ. ಕೊನೆಗೆ ಎಲ್ಲಕ್ಕಿಂತ ದಪ್ಪ ತಂತಿಯ ಗೆರೆಯ ಮೇಲೆ ಒಂದು ಸೊನ್ನೆ ಹಾಕಿದೆ. ಯಾವ ಮನೆಯಲ್ಲೂ ಬೆರಳೊತ್ತದೆ ಬಿಟ್ಟ ತಂತಿ, ಕೆಳಗಿನ ಸ.

ವಾಲ್ಟರ್ ಎರಡೂ ಗ್ರಾಫ್ ಹಾಳೆಗಳನ್ನು ಟೀಪಾಟಿಗೆ ಒರಗಿಸಿಕೊಂಡರು. ಮೊದಲಿನಿಂದ ಹೊರಟರು. ನಿಧಾನ, ಬಹಳ ನಿಧಾನ. ಹೆಬ್ಬೆರಳೊಂದೇ ಇಡೀ ಹಾಡನ್ನು ಹೊತ್ತುಕೊಂಡು ನಡೆಯಿತು. ಒಂದನೇ ಹಾಳೆ ಮುಗಿದಾಗ ನಾನು ಅಭ್ಯಾಸಬಲದಿಂದ ಉಸಿರು ಹಿಡಿದೆ. ಅವರು ನಿಲ್ಲಲಿಲ್ಲ. ಎರಡನೇ ಹಾಳೆ ದಾಟಿ, ಆ ಸೊನ್ನೆಗೆ ಬಂದು, ದಪ್ಪ ತಂತಿಯನ್ನು ಮೀಟಿ ಕೈ ಎತ್ತಿದರು. ಸದ್ದು ಮೇಜಿನ ಮೇಲಿನ ಲೋಟಗಳ ತನಕ ಬಂದು ಮೆಲ್ಲಗೆ ಆರಿತು. ಅವರ ಗಡ್ಡ ಒದ್ದೆಯಾಗಿತ್ತು. ನಾನೂ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

"ಸೆರಗು ಬಂತು ಕಣ್ ಕೂಸೇ" ಎಂದ ಮಾದಪ್ಪಣ್ಣ.

ಏನು ಹೇಳಿದರು ಎಂದು ವಾಲ್ಟರ್ ಕೇಳಿದರು. ಸೆರಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ತಕ್ಷಣ ಹೊಳೆಯಲಿಲ್ಲ. "ಮುಗಿಯಿತು ಅಂದರು" ಎಂದೆ.

ಅವರು ಇಲ್ಲ ಎಂದು ತಲೆಯಾಡಿಸಿ, ಹೆಬ್ಬೆರಳನ್ನು ಮತ್ತೆ ಮೊದಲ ಸ್ವರದ ಮೇಲೆ ಇಟ್ಟರು. ನಾವು ಹಿಡಿಯಬೇಕಿದ್ದ ನಾಲ್ಕು ಗಂಟೆಯ ಬಸ್ಸು ಕಿಟಕಿಯಾಚೆ ಗುಡ್ಡ ಇಳಿದುಹೋಯಿತು. ಯಾರೂ ಏಳಲಿಲ್ಲ.